ಸದ್ದಿಲ್ಲದ ಆಲ್ಬಮ್ಮಿನ ಸದ್ದುಗಳು

ದೊಡ್ಡ ವೇದಿಕೆ, ಹತ್ತು ಜನರ ಬ್ಯಾಂಡು ಎಲ್ಲ ಕಂಡ ಹಾಡುಗಾರರಿಗೆ ಒಮ್ಮೆ ಬರೀ ಗಿಟಾರು ಹಿಡಿದು, ತಾವೇ ಬರೆದ ನಾಲ್ಕು ಹಾಡು ಹಾಡುವ ಮನಸ್ಸಾಗುತ್ತದೆ. ಕೇಳಿದವರು ‘ಎಷ್ಟು ಸರಳ!’ ಎನ್ನುತ್ತಾರೆ. ಧ್ವನಿ ಮುದ್ರಿಸಿದವರು ಸುಮ್ಮನಿರುತ್ತಾರೆ. ಡ್ರಮ್ಮಿನ ಮರೆಯಲ್ಲಿ ಕುರ್ಚಿ ಕಿರುಗುಟ್ಟಿದರೂ ನಡೆಯುತ್ತಿತ್ತು; ಇಲ್ಲಿ ಅಂಗಿಯ ಗುಂಡಿ ಗಿಟಾರಿನ ಬೆನ್ನಿಗೆ ತಾಗಿದರೂ ಸಿಕ್ಕಿಬೀಳುತ್ತದೆ.

ಗಿಟಾರಿನ ಹೊಟ್ಟೆಯ ತೂತಿನೆದುರೇ ಮೈಕಿಡೋಣ ಎಂದು ಯಾರಿಗೂ ಅನ್ನಿಸುತ್ತದೆ. ಒಳಗಿನ ಗಾಳಿ 100 ಹರ್ಟ್ಸ್ ಆಸುಪಾಸಿನ ತಗ್ಗು ದನಿಯಲ್ಲಿ ಅನುರಣಿಸುವುದರಿಂದ ಅಲ್ಲಿ ದಕ್ಕುವುದು ಹೆಚ್ಚಾಗಿ ‘ಬೂಂ’. ಒಂದಡಿ ದೂರದಿಂದ, ಕುತ್ತಿಗೆಯ ಮೇಲಿನ 12ನೇ ಫ್ರೆಟ್ಟಿನತ್ತ (ಫ್ರೆಟ್ಟೆಂದರೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಮುಖಮಾಡಿಸಿದರೆ ತಂತಿಯೂ ಮರವೂ ಹದವಾಗಿ ಕೇಳುತ್ತವೆ. ಹೊಚ್ಚಹೊಸ ತಂತಿಯಾದರೆ ಬೆರಳು ಜಾರಿದಾಗಲೆಲ್ಲ ‘ಕೀಚ್’. ಕೆಲವು ತಾಸು ನುಡಿಸಿ ಪಳಗಿಸಬೇಕು. ದಪ್ಪ ತಂತಿಗಳ ಮೇಲೆ ಬೆರಳನ್ನು ಎಳೆಯದೆ ಎತ್ತಿಡಬೇಕು.

ಕಂಠ ಇಳಿದಿದ್ದರೆ ಇನ್ನೊಂದು ತಾಪತ್ರಯ. ಹಳೆಯ ಬೆರಳಾಟ ಕೆಡದಿರಲೆಂದು ಇಡೀ ಗಿಟಾರಿನ ಶ್ರುತಿಯನ್ನೇ ಎರಡು ಅರ್ಧಸ್ವರ ಇಳಿಸಿದಿರೋ, ತಂತಿ ಸಡಿಲಾಗಿ ಫ್ರೆಟ್ಟಿಗೆ ಬಡಿದು ಜುಂಯ್‌ಗುಡುತ್ತದೆ. ಮೊದಲ ತಂತಿ 0.012 ಇಂಚು ದಪ್ಪವಿರುವ ಸೆಟ್ಟನ್ನು ಬಿಚ್ಚಿ 0.013ರದ್ದು ಹಾಕಿದರೆ ಬಿಗಿ ಬಹುಮಟ್ಟಿಗೆ ಮರಳುತ್ತದೆ.

ಹಾಡು, ಗಿಟಾರು ಬೇರೆ ಬೇರೆ ಮುದ್ರಿಸಿದರೆ ತಿದ್ದುವುದು ಸುಲಭ. ಆದರೆ ಇಂಥ ಹಾಡಿನ ಲಯ ಉಸಿರಿನೊಂದಿಗೆ ಹಿಗ್ಗಿ ಕುಗ್ಗುವಂಥದ್ದು. ಬಿಡಿಸಿದರೆ ಸೆಟೆದು ನಿಲ್ಲುತ್ತದೆ. ಒಟ್ಟಿಗೇ ಮುದ್ರಿಸಿದರೆ ಒಂದರ ಸದ್ದು ಇನ್ನೊಂದರ ಮೈಕಿಗೆ ನುಗ್ಗುತ್ತದೆ, ತಪ್ಪಾದರೆ ಇಡೀ ಹಾಡನ್ನೇ ಮತ್ತೆ ಹಾಡಬೇಕು. ಹಾಡಲಿ, ಅದೇ ವಾಸಿ. ಉಸಿರೆಳೆಯುವ ಸದ್ದನ್ನೂ ಹೆಕ್ಕಿ ಅಳಿಸುವ ಎಂಜಿನಿಯರುಗಳಿದ್ದಾರೆ. ದೇವರು ಅವರನ್ನು ಕ್ಷಮಿಸಲಿ.

ಅಮೆರಿಕದ ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕಾ’ ಆಲ್ಬಮ್ಮಿನ ಹಾಡುಗಳನ್ನು ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಹಾಡಿಟ್ಟದ್ದು ಬರೀ ಮಾದರಿಗೆಂದು. ಬ್ಯಾಂಡಿನೊಂದಿಗೆ ನುಡಿಸಿ ನೋಡಿದರೆ ಆ ಗುಣ ಬರಲಿಲ್ಲ. ಕೊನೆಗೆ ಕ್ಯಾಸೆಟ್ಟಿನಲ್ಲಿದ್ದದ್ದೇ ಆಲ್ಬಮ್ಮಾಯಿತು.

ಹಾಡುಗಳ ಸರದಿಗೂ ಲೆಕ್ಕವಿದೆ. ಎಲ್‌ಪಿ ಎಂಬ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 20 ನಿಮಿಷ. ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಒಳಸುತ್ತುಗಳು ಚಿಕ್ಕವಾದ್ದರಿಂದ ಮುಳ್ಳಿನಡಿ ಗೀರು ನಿಧಾನವಾಗಿ ಸರಿಯುತ್ತದೆ. ಅಲ್ಲಿ ಜೋರಿನ ಹಾಡಿಟ್ಟರೆ ‘ಸ’, ‘ಶ’ಗಳು ಒಡೆಯುತ್ತವೆ. ಹಾಗಾಗಿ ಮೆಲುದನಿಯದ್ದು ಕೊನೆಗೆ. ವಿಮರ್ಶಕರು ಅದರಲ್ಲಿ ವೈರಾಗ್ಯ ಕಾಣುತ್ತಾರೆ. ಅರ್ಧ ಪಾಲು ಮುಳ್ಳಿನದು.