ಹಿಮ್ಮಡಿಗೆ ಬಿದ್ದ ಪೆಟ್ಟು

ಸುಸ್ತು ಅಂತ ಒಂದು ವರ್ಷ ಅಲೆದೆ. "ವಯಸ್ಸಾಯ್ತಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದವರೇ ಜಾಸ್ತಿ. ಯಾರೂ ಮುಟ್ಟಿ ನೋಡಲಿಲ್ಲ.

ಕೊನೆಗೆ ಒಬ್ಬ ಹಿರಿಯ ವೈದ್ಯೆ ನಾಡಿ ಹಿಡಿದವರೇ, "ಯಾಕಮ್ಮ, ಕೈ ಇಷ್ಟು ತಣ್ಣಗೆ?" ಅಂದರು. ನಾಡಿಯೂ ನಿಧಾನವಾಗಿತ್ತು. ಕುರ್ಚಿ ಮೇಲೆ ಮಂಡಿಯೂರಿಸಿ, ಪಾದ ಹೊರಗೆ ಇಳಿಬಿಡಿಸಿ, ಹಿಮ್ಮಡಿ ಮೇಲೆ ಹುರಿಯಂತೆ ಕೈಗೆ ಸಿಗುತ್ತದಲ್ಲ, ಅಲ್ಲಿಗೆ ರಬ್ಬರ್ ಸುತ್ತಿಗೆಯಿಂದ ಟಪ್ ಅಂತ ಹೊಡೆದರು. ಪಾದ ಜಗ್ಗಿತು. ವಾಪಸ್ ಬರುವಾಗ ಮಾತ್ರ ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ನಿಧಾನ. "ಥೈರಾಯ್ಡ್ ಕಡಿಮೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ" ಅಂದರು. ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಟಿಎಸ್‌ಎಚ್ ಸಿಕ್ಕಾಪಟ್ಟೆ ಜಾಸ್ತಿ, ಥೈರಾಯ್ಡ್ ತಯಾರಿಸುವ ಹಾರ್ಮೋನ್ ಟಿ4 ಕಡಿಮೆ ಬಂತು.

ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಬಿಗಿದ ಸ್ನಾಯು ಸಡಿಲವಾಗುವುದೂ ತಡವಾಗುತ್ತದೆ. ಅದನ್ನೇ ಅವರು ಕಣ್ಣಲ್ಲಿ ನೋಡಿದ್ದು.

ಆಮೇಲೆ ಕನ್ನಡಿ ನೋಡಿದರೆ ಎಲ್ಲ ಮುಖದ ಮೇಲೇ ಇತ್ತು! ಕಣ್ಣಿನ ಸುತ್ತ ಊತ. ಒಣಗಿ ಒರಟಾದ ಚರ್ಮ. ಹುಬ್ಬಿನ ಹೊರತುದಿ ಉದುರಿ ತೆಳ್ಳಗಾಗಿತ್ತು (ಇದೊಂದನ್ನೇ ನಂಬಬೇಡಿ, ವಯಸ್ಸಾದವರಿಗೆ ಸುಮ್ನೆ ಹಾಗೂ ಆಗುತ್ತದೆ). ಧ್ವನಿ ಗೊಗ್ಗರಾಗಿದ್ದಕ್ಕೆ ನಾನು ನೆಗಡಿಯನ್ನು ಬೈದುಕೊಂಡಿದ್ದೆ. ಕೆಲವರಿಗೆ ನಾಲಿಗೆ ದಪ್ಪವಾಗುತ್ತದೆ. ಅಂಗೈ ಹಳದಿಯಾಗುವುದೂ ಉಂಟು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೋಟಿನ್ ಎ ವಿಟಮಿನ್ ಆಗುವ ಕೆಲಸವೂ ನಿಧಾನವಾಗಿ, ಅದು ಚರ್ಮದಲ್ಲೇ ಉಳಿಯುತ್ತದೆ. ಕಾಮಾಲೆಯಲ್ಲಾದರೆ ಕಣ್ಣಿನ ಬಿಳಿಯೂ ಹಳದಿಯಾಗುತ್ತದೆ, ಇಲ್ಲಿ ಆಗುವುದಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಊತ. ಕಾಲಲ್ಲಿ ಬರೀ ನೀರು ತುಂಬಿದ್ದರೆ ಬೆರಳೊತ್ತಿದ ಕಡೆ ಗುಳಿ ಉಳಿಯುತ್ತದೆ. ಈ ಊತದಲ್ಲಿ ಸಾಮಾನ್ಯವಾಗಿ ಉಳಿಯುವುದಿಲ್ಲ. ನೀರನ್ನು ಹಿಡಿದಿಡುವ ಸಕ್ಕರೆ ಜಾತಿಯ ಅಂಟು ಪದಾರ್ಥ ಚರ್ಮದಡಿ ಸೇರಿಕೊಂಡಿರುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಆರ್ಡ್ ಅದನ್ನು ಲೋಳೆ ಅಂದುಕೊಂಡು 1878ರಲ್ಲಿ ಮಿಕ್ಸಿಡೀಮಾ (ಲೋಳೆ ಊತ) ಅಂತ ಹೆಸರಿಟ್ಟ. ಆಗ ಟಿಎಸ್‌ಎಚ್ ಪರೀಕ್ಷೆ ಎಲ್ಲಿತ್ತು? ಕಣ್ಣು, ಕೈ ಇಷ್ಟೇ.

ಹಾಗಂತ ಲ್ಯಾಬ್ ಬೇಡ ಅನ್ನುತ್ತಿಲ್ಲ. ಕಾಯಿಲೆ ಶುರುವಿನಲ್ಲಿ ಈ ಗುರುತು ಒಂದೂ ಇಲ್ಲದಿರಬಹುದು, ಗಟ್ಟಿ ಮಾಡುವುದು ರಕ್ತ ಪರೀಕ್ಷೆಯೇ. ಆದರೆ ಆ ಪರೀಕ್ಷೆ ಬರೆಯಬೇಕು ಅಂತ ಹೊಳೆಯಲಿಕ್ಕಾದರೂ ಎದುರಿಗಿರುವವರನ್ನು ನೋಡಬೇಕಲ್ವಾ? ಒಂದು ಗುಟುಕು ನೀರು ಕುಡಿಸಿ, ನುಂಗುವಾಗ ಕತ್ತಿನ ಮೇಲೆ ಕೈಯಿಟ್ಟರೆ, ಥೈರಾಯ್ಡ್ ಗ್ರಂಥಿ ಊದಿದ್ದರೆ ಅದು ಮೇಲೇರುವುದು ಗೊತ್ತಾಗುತ್ತದೆ. ಒಂದು ನಿಮಿಷದ ಕೆಲಸ. ಒಂದು ವರ್ಷದಲ್ಲಿ ನನಗೆ ಯಾರೂ ಆ ಗುಟುಕು ನೀರು ಕೊಟ್ಟಿರಲಿಲ್ಲ.