ಆಹಾರ ಕಡಿಮೆ ಮಾಡೋದು ಸರಿ, ಆದರೆ ಯಾವಾಗ?

ಚಳಿಯಲ್ಲಿ ಬ್ರಾಯ್ಲರ್ (ಮಾಂಸಕ್ಕೆ ಸಾಕುವ) ಕೋಳಿಗೆ ಆಹಾರ ಮಿತಿಗೊಳಿಸಿದರೆ ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ ತಗ್ಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮಾತು ನಿಜ. ಆದರೆ ಮೊದಲ ವಾರದ ಮರಿಗೆ ಇದು ಬೇಡ ಅನ್ನೋದನ್ನು ಇನ್ನೂ ಒತ್ತಿ ಹೇಳಬೇಕಿತ್ತು. ಆ ವಯಸ್ಸಿನ ಮರಿ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಮರಿಗೆ ಶಾಖ ಕೊಡುವ ಬ್ರೂಡರ್ ಕೆಳಗೆ ಶುರುವಿನಲ್ಲಿ 32–33 ಡಿಗ್ರಿ ಸೆಲ್ಸಿಯಸ್ ಬೇಕೇ ಬೇಕು. ಮರಿಗಳು ಒಂದರ ಮೇಲೊಂದು ಗುಂಪುಗಟ್ಟಿದ್ದರೆ ಥರ್ಮಾಮೀಟರ್ ಏನೇ ಹೇಳಲಿ, ಅವಕ್ಕೆ ಚಳಿಯಾಗಿದೆ ಎಂದೇ ಅರ್ಥ.

ಬೇಗ ಬೆಳೆಯುವ ಮೈಗೆ ಆಕ್ಸಿಜನ್ ಜಾಸ್ತಿ ಬೇಕು, ಚಳಿ ಬಿದ್ದರೆ ಇನ್ನೂ ಜಾಸ್ತಿ. ಶ್ವಾಸಕೋಶ ಮಾತ್ರ ಆ ವೇಗಕ್ಕೆ ಬೆಳೆಯುವುದಿಲ್ಲ. ಅದರೊಳಗೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಹಿಗ್ಗಿ ಸೋಲುತ್ತದೆ, ಹೊಟ್ಟೆಯಲ್ಲಿ ನೀರು ತುಂಬೋದು ಆಗಲೇ. ಹೀಗೆ ಕಾಯಿಲೆ ಬಿದ್ದು, ಜುಟ್ಟು ನೀಲಿಗಟ್ಟಿ ಏದುಸಿರು ಬಿಡುತ್ತಿರುವ ಕೋಳಿಗೆ ಆಹಾರ ಕಡಿಮೆ ಮಾಡಿ ಏನು ಪ್ರಯೋಜನ, ಅಲ್ವಾ? ಎರಡನೇ ವಾರದಲ್ಲಿ, ಅದೂ ಸ್ವಲ್ಪ ದಿನ, ಹಿತಮಿತವಾಗಿ ಮಾಡಿದರೆ ಗುಣ ಕಾಣುತ್ತದೆ. ತಗ್ಗಿದ ತೂಕವನ್ನು ಆಮೇಲೆ ಬಹುಮಟ್ಟಿಗೆ ತುಂಬಿಕೊಳ್ಳುತ್ತವೆ. ಫೀಡರ್ ಸಾಕಷ್ಟು ಇರಬೇಕು, ಇಲ್ಲದಿದ್ದರೆ ಬಲವಾದವು ತಿಂದು ಬಡಕಲು ಮರಿಗಳು ಹಾಗೇ ಉಳಿಯುತ್ತವೆ.

ಇನ್ನೊಂದು ವಿಷಯ ಬಿಟ್ಟುಹೋಗಿದೆ. ಚಳಿ ಎಂದು ಶೆಡ್ಡಿನ ಪರದೆ ಪೂರ್ತಿ ಮುಚ್ಚಿದರೆ ನೆಲದ ಒದ್ದೆ ಹಾಸಿನಿಂದ ಅಮೋನಿಯಾ ಎಂಬ ಘಾಟು ಅನಿಲ ಏಳುತ್ತದೆ. ನಿಂತು ನೋಡಿದರೆ ಗೊತ್ತಾಗಲ್ಲ, ಮರಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರಾಡಿ ನೋಡಿ.