ಎಂಟು ವಾರ, ಮುಗಿದ ಕ್ಲೇಮುಗಳ ಫೈಲುಗಳೊಂದಿಗೆ

ಸಂಖ್ಯಾಶಾಸ್ತ್ರ ಓದುತ್ತಿರುವ ನಾನು ಈ ಬೇಸಿಗೆ ರಜೆಯ ಎಂಟು ವಾರಗಳನ್ನು ಒಂದು ಸಾಮಾನ್ಯ ವಿಮಾ ಕಂಪನಿಯ, ಅಂದರೆ ಜೀವವಿಮೆಯಲ್ಲದೆ ವಾಹನ, ಮನೆ, ಅಂಗಡಿಗಳಂಥವುಗಳಿಗೆ ವಿಮೆ ಕೊಡುವ ಕಂಪನಿಯ ಆಕ್ಚುವರಿ ವಿಭಾಗದಲ್ಲಿ ಇಂಟರ್ನ್ ಆಗಿ ಕಳೆದೆ. ಮುಂದೆ ಬರಬಹುದಾದ ನಷ್ಟವನ್ನು ಲೆಕ್ಕ ಹಾಕಿ, ಪ್ರೀಮಿಯಂ ಎಷ್ಟಿರಬೇಕು, ಕ್ಲೇಮುಗಳಿಗಾಗಿ ಎಷ್ಟು ಹಣ ತೆಗೆದಿಡಬೇಕು ಎಂದು ಹೇಳುವವರು ಆಕ್ಚುವರಿಗಳು. ಮೊದಲ ದಿನವೇ ಕಂಪ್ಯೂಟರಿನ ಮುಂದೆ ಕೂರಿಸಿ ಯಾವುದಾದರೂ ಲೆಕ್ಕದ ಮಾದರಿಯನ್ನು ಕಟ್ಟಲು ಹೇಳುತ್ತಾರೆ ಎಂದು ನಿರೀಕ್ಷಿಸಿದ್ದೆ. ನನ್ನ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿಯವರು, ಹೆಸರು ಮತ್ತು ವಿಳಾಸಗಳನ್ನು ಮರೆಮಾಡಿದ, ಇತ್ಯರ್ಥವಾಗಿ ಮುಚ್ಚಿದ 200ಕ್ಕೂ ಹೆಚ್ಚು ಕ್ಲೇಮು ಫೈಲುಗಳನ್ನು ನನಗೆ ಒಪ್ಪಿಸಿದರು. ಪ್ರತಿಯೊಂದನ್ನೂ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿ, ನಷ್ಟವಾದ ದಿನ, ಕಂಪನಿಗೆ ತಿಳಿಸಿದ ದಿನ, ನಷ್ಟದ ಕಾರಣ, ಮೊದಲ ಅಂದಾಜು ಮತ್ತು ಕೊನೆಗೆ ಪಾವತಿಯಾದ ಮೊತ್ತ ಇಷ್ಟನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ತುಂಬಬೇಕಿತ್ತು. ಮೊದಲ ಮೂರು ದಿನ ಇದು ಗುಮಾಸ್ತಿಕೆಯ ಕೆಲಸವೆಂದು ಮನಸ್ಸಿನಲ್ಲಿ ಬೇಸರಿಸಿಕೊಂಡೆ. ಈಗ ಎಂಟು ವಾರ ಮುಗಿದ ಮೇಲೆ, ವಿಮೆಯ ಗಣಿತ ಕಲಿಯಬೇಕೆನ್ನುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ಕೂರಬೇಕಾದ ಜಾಗ ಕ್ಲೇಮು ಫೈಲುಗಳ ಮುಂದೆಯೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಅದಕ್ಕೆ ಕಾರಣವನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತರಗತಿಯಲ್ಲಿ ನಮಗೆ ವಿಮೆಯ ಪರಿಚಯವಾಗುವುದು ದೊಡ್ಡ ಸಂಖ್ಯೆಗಳ ನಿಯಮದ ಮೂಲಕ. ಗಣಿತಜ್ಞ ಯಾಕೋಬ್ ಬರ್ನೌಲಿಯವರು ಸಾಧಿಸಿದ, ಅವರು ತೀರಿಕೊಂಡ ಮೇಲೆ 1713ರಲ್ಲಿ ಅಚ್ಚಾದ ಆ ನಿಯಮವಿಲ್ಲದೆ ಇಡೀ ವ್ಯವಸ್ಥೆ ನಿಲ್ಲುವುದಿಲ್ಲ. ವರ್ಷದಲ್ಲಿ ನಷ್ಟವಾಗುವ ಸಾಧ್ಯತೆ ನೂರಕ್ಕೆ ಒಂದರಷ್ಟಿರುವ 100 ಪಾಲಿಸಿಗಳಿದ್ದರೆ ನಿರೀಕ್ಷಿತ ನಷ್ಟ ಒಂದು, ಅದರ ಸುತ್ತಲಿನ ಏರಿಳಿತವೂ ಹೆಚ್ಚುಕಡಿಮೆ ಒಂದು. ಅಂದರೆ ಏನನ್ನೂ ಖಚಿತವಾಗಿ ಹೇಳಲಾಗದು. ಅಂಥವೇ 10,000 ಪಾಲಿಸಿಗಳು ಸೇರಿದರೆ ನಿರೀಕ್ಷಿತ ನಷ್ಟಗಳು 100, ಏರಿಳಿತ ಸುಮಾರು 10 ಮಾತ್ರ. ಒಬ್ಬರ ಪಾಲಿಗೆ ಪೂರ್ಣ ಅನಿಶ್ಚಿತವಾದದ್ದು ಹತ್ತು ಸಾವಿರ ಜನರು ಒಟ್ಟಾದಾಗ ಬಹುಮಟ್ಟಿಗೆ ಅಳತೆಗೆ ಸಿಗುತ್ತದೆ. ಈ ಲೆಕ್ಕದ ಸೊಬಗಿಗೆ ಮನಸೋತೇ ನಾನು ಈ ಕ್ಷೇತ್ರವನ್ನು ಆರಿಸಿಕೊಂಡದ್ದು. ಆದರೆ ಒಂದು ಪಾಲಿಸಿಯ ನಷ್ಟಕ್ಕೂ ಇನ್ನೊಂದರ ನಷ್ಟಕ್ಕೂ ಸಂಬಂಧವಿರಬಾರದು ಎಂಬ ಷರತ್ತು ಅದರೊಳಗೇ ಇದೆ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲೋರಿಡಾವನ್ನು ಹೊಕ್ಕಾಗ ಒಂದೇ ದಿನ ಸಾವಿರಾರು ಮನೆಗಳು ಒಟ್ಟಿಗೆ ಬಿದ್ದವು, ಮತ್ತು ಅಲ್ಲಿನ ಹಲವು ವಿಮಾ ಕಂಪನಿಗಳು ದಿವಾಳಿಯಾದವು. ಇದನ್ನೂ ಪಠ್ಯದಲ್ಲಿ ಓದಿದ್ದೆ. ಸೂತ್ರದೊಳಕ್ಕೆ ಬರುವ ಸಂಖ್ಯೆ ಎಲ್ಲಿಂದ ಬರುತ್ತದೆ, ಅದನ್ನು ಯಾರು ಯಾವ ಗಳಿಗೆಯಲ್ಲಿ ಬರೆದಿಡುತ್ತಾರೆ ಎಂಬುದನ್ನು ಮಾತ್ರ ಪಠ್ಯ ಹೇಳಿರಲಿಲ್ಲ.

ಫೈಲುಗಳು ಅದನ್ನು ಹೇಳತೊಡಗಿದವು. ಪ್ರತಿ ಫೈಲಿನಲ್ಲೂ ಪಾಲಿಸಿಯ ಪ್ರತಿ, ನಷ್ಟ ಅನುಭವಿಸಿದವರ ಅರ್ಜಿ, ನಷ್ಟವನ್ನು ಅಂದಾಜಿಸುವ ಸರ್ವೇಯರ್ ಸ್ಥಳಕ್ಕೆ ಹೋಗಿ ಬರೆದ ವರದಿ, ಫೋಟೋಗಳು, ಬಿಲ್ಲುಗಳು, ಪತ್ರವ್ಯವಹಾರ ಇರುತ್ತಿದ್ದವು. ನಷ್ಟವಾದ ದಿನಕ್ಕೂ ಅದನ್ನು ತಿಳಿಸಿದ ದಿನಕ್ಕೂ ನಡುವಿನ ಅಂತರ ನನ್ನನ್ನು ಹೆಚ್ಚಾಗಿ ಹಿಡಿದಿಟ್ಟಿತು. ವಾಹನದ ಅಪಘಾತಗಳು ಅದೇ ದಿನ ಅಥವಾ ಮರುದಿನ ವರದಿಯಾಗಿದ್ದವು. ಗೋಡೆಯೊಳಗಿನ ಕೊಳವೆ ಸೋರಿ ಆದ ಹಾನಿ ತಿಂಗಳುಗಳ ಮೇಲೆ ಗೊತ್ತಾಗಿತ್ತು. ಮೂರನೆಯವರಿಗೆ ಆದ ಗಾಯದ ಪ್ರಕರಣಗಳಲ್ಲಿ ವಕೀಲರ ನೋಟಿಸು ಬಂದಾಗಲೇ ಕಂಪನಿಗೆ ಸುದ್ದಿ ತಲುಪಿತ್ತು. ಆಸ್ಬೆಸ್ಟಾಸ್ ಧೂಳನ್ನು ಉಸಿರಾಡಿದ ಕಾರ್ಮಿಕರಿಗೆ ರೋಗ ಕಾಣಿಸಿಕೊಳ್ಳಲು ದಶಕಗಳು ಬೇಕಾದವು, ಅವರ ಮಾಲೀಕರಿಗೆ ಎಂದೋ ಪಾಲಿಸಿ ಮಾರಿದ್ದ ಕಂಪನಿಗಳು ಒಂದು ತಲೆಮಾರಿನ ನಂತರ ಪರಿಹಾರ ಕೊಡಬೇಕಾಯಿತು ಎಂಬುದನ್ನು ಕೇಳಿದ್ದೆ. ಆ ದೊಡ್ಡ ಕತೆಯ ಸಣ್ಣ ರೂಪವೊಂದು ಪ್ರತಿ ಫೈಲಿನಲ್ಲೂ ಇತ್ತು. ಆಗಿರುವ, ಆದರೆ ಕಂಪನಿಗೆ ಇನ್ನೂ ತಿಳಿಯದ ನಷ್ಟವನ್ನು ಈ ವೃತ್ತಿಯವರು ಐಬಿಎನ್‌ಆರ್ ಎನ್ನುತ್ತಾರೆ. ಅದಕ್ಕಾಗಿ ಇಂದೇ ಹಣ ತೆಗೆದಿಡದಿದ್ದರೆ ಕಂಪನಿ ಇಂದು ಲಾಭದಲ್ಲಿರುವಂತೆ ಕಾಣುತ್ತದೆ, ಕೆಲವು ವರ್ಷಗಳ ನಂತರ ಅದೇ ಪಾಲಿಸಿದಾರರಿಗೆ ಕೊಡಲು ಅದರ ಬಳಿ ಹಣವಿರುವುದಿಲ್ಲ.

ಐದನೆಯ ವಾರದಲ್ಲಿ, ನಾನು ಬಯಸಿದ್ದ ಕೆಲಸ ಕೊನೆಗೂ ಕೈಗೆ ಬಂತು. ಹಿಂದಿನ ಹಲವು ವರ್ಷಗಳ ಕ್ಲೇಮುಗಳನ್ನು, ನಷ್ಟವಾದ ವರ್ಷ ಅಡ್ಡಸಾಲಿಗೆ, ಅಲ್ಲಿಂದ ಕಳೆದ ಕಾಲ ಕಂಬಸಾಲಿಗೆ ಬರುವಂತೆ ತ್ರಿಕೋನಾಕಾರದಲ್ಲಿ ಜೋಡಿಸಿ, ಚೈನ್ ಲ್ಯಾಡರ್ ಎಂಬ ವಿಧಾನದಿಂದ ಮುಂದಿನ ಮೊತ್ತವನ್ನು ಅಂದಾಜಿಸಬೇಕಿತ್ತು. ವಿಧಾನ ಸರಳವಾದುದು. ಮೊದಲ ವರ್ಷದ ಕೊನೆಗೆ 100 ಎಂದು ದಾಖಲಾದದ್ದು ಪೂರ್ತಿ ಇತ್ಯರ್ಥವಾಗುವ ಹೊತ್ತಿಗೆ 150 ಆಗುವುದು ಹಿಂದಿನಿಂದಲೂ ನಡೆದು ಬಂದಿದ್ದರೆ, ಈ ವರ್ಷ ದಾಖಲಾದ ಮೊತ್ತವನ್ನೂ ಒಂದೂವರೆ ಪಟ್ಟು ಮಾಡುವುದು. ನನ್ನ ತ್ರಿಕೋನದಲ್ಲಿ ಇತ್ತೀಚಿನ ಎರಡು ವರ್ಷಗಳ ಮೊದಲ ಅಂಕಿಗಳು ಹಳೆಯ ವರ್ಷಗಳಿಗಿಂತ ಎದ್ದು ಕಾಣುವಷ್ಟು ದೊಡ್ಡದಾಗಿದ್ದವು. ನಷ್ಟಗಳೇ ಹೆಚ್ಚಾಗಿವೆ ಎಂದು ತೀರ್ಮಾನಿಸಿ, ಪ್ರೀಮಿಯಂ ಏರಿಸಬೇಕಾಗಬಹುದೆಂದು ಬರೆದು, ಅಂದವಾದ ನಕ್ಷೆಗಳೊಂದಿಗೆ ವರದಿ ಒಪ್ಪಿಸಿದೆ.

ಹಿರಿಯ ಅಧಿಕಾರಿಯವರು ಅದನ್ನು ಓದಿ, "ಕ್ಲೇಮು ವಿಭಾಗದವರನ್ನು ಕೇಳಿದಿರಾ?" ಎಂದಷ್ಟೇ ಕೇಳಿದರು. ನಾನು ಕೇಳಿರಲಿಲ್ಲ. "ಹೋಗಿ ಕೇಳಿಕೊಂಡು ಬನ್ನಿ" ಎಂದರು.

ಆ ವಿಭಾಗದಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದ ಒಬ್ಬರು ನನ್ನ ಹಾಳೆಯನ್ನು ಒಂದು ನಿಮಿಷ ನೋಡಿ, ಎರಡು ವರ್ಷಗಳ ಹಿಂದೆ ಫೈಲು ತೆರೆಯುವ ಕ್ರಮವೇ ಬದಲಾಯಿತೆಂದು ತಿಳಿಸಿದರು. ಮೊದಲೆಲ್ಲ ಅರ್ಜಿ ಮತ್ತು ಕಾಗದಪತ್ರಗಳು ಕೈಸೇರಿದ ಮೇಲೆ ಫೈಲು ತೆರೆಯುತ್ತಿದ್ದರು. ಈಗ ಫೋನಿನಲ್ಲಿ ನಷ್ಟದ ಸುದ್ದಿ ಬಂದ ಕೂಡಲೇ ಒಂದು ಅಂದಾಜಿನೊಂದಿಗೆ ತೆರೆಯುತ್ತಾರೆ. ಅಂದರೆ ಮೊದಲು ಎರಡನೆಯ ವರ್ಷದಲ್ಲಿ ಕಾಣಿಸುತ್ತಿದ್ದ ಕ್ಲೇಮುಗಳು ಈಗ ಮೊದಲ ವರ್ಷದಲ್ಲೇ ಕಾಣಿಸುತ್ತಿವೆ. ಒಟ್ಟು ನಷ್ಟ 150 ಆಗಿಯೇ ಉಳಿದಿರಬಹುದು. ಆದರೆ ಮೊದಲ ವರ್ಷದ ದಾಖಲೆ 100ರ ಬದಲು 130 ಆದಾಗ, ಹಳೆಯ ಒಂದೂವರೆ ಪಟ್ಟಿನ ಲೆಕ್ಕವನ್ನು ಅದಕ್ಕೇ ಹಚ್ಚಿದ ನಾನು 195 ಎಂಬ ಉತ್ತರ ಪಡೆದಿದ್ದೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ, ಸೂತ್ರದಲ್ಲೂ ತಪ್ಪಿರಲಿಲ್ಲ. ನನ್ನ ಮಾತನ್ನು ಯಾರಾದರೂ ಹಾಗೆಯೇ ಒಪ್ಪಿಕೊಂಡಿದ್ದರೆ, ನಡೆಯದ ನಷ್ಟಕ್ಕಾಗಿ ಸಾವಿರಾರು ಜನರು ಹೆಚ್ಚಿನ ಪ್ರೀಮಿಯಂ ಕಟ್ಟಬೇಕಾಗುತ್ತಿತ್ತು. ಆ ಮಧ್ಯಾಹ್ನ ನನಗಾದ ನಾಚಿಕೆಯನ್ನೂ, ಅದಕ್ಕಿಂತ ಹೆಚ್ಚಾಗಿ ಕ್ಲೇಮು ವಿಭಾಗದ ಆ ಹಿರಿಯರ ಬಗ್ಗೆ ಮೂಡಿದ ಕೃತಜ್ಞತೆಯನ್ನೂ ಮರೆಯಲಾರೆ. ಅವರಿಗೆ ಚೈನ್ ಲ್ಯಾಡರ್ ಎಂಬ ಹೆಸರು ಗೊತ್ತಿರಲಿಲ್ಲ. ಆದರೆ ನನ್ನ ಅಂಕಿ ಏಕೆ ಉಬ್ಬಿದೆ ಎಂಬುದನ್ನು ಹೇಳಬಲ್ಲವರಾಗಿ ಆ ಕಟ್ಟಡದಲ್ಲಿ ನನಗೆ ಸಿಕ್ಕವರು ಅವರೊಬ್ಬರೇ.

ಇನ್ನೊಂದು ಫೈಲಿನ ಬಗ್ಗೆ ಬರೆಯದೆ ಇರಲಾರೆ. ಒಂದು ಚಿಕ್ಕ ಅಂಗಡಿಗೆ ಬೆಂಕಿ ಬಿದ್ದು ಸರಕು ಸುಟ್ಟ ಪ್ರಕರಣ ಅದು. ಮಾಲೀಕರು ವರ್ಷ ವರ್ಷವೂ ತಪ್ಪದೆ ಪಾಲಿಸಿ ನವೀಕರಿಸಿದ್ದರು, ಆದರೆ ವಿಮೆಯ ಮೊತ್ತವನ್ನು ಆರಂಭದಲ್ಲಿ ಇದ್ದಷ್ಟೇ ಉಳಿಸಿಕೊಂಡಿದ್ದರು. ಈ ನಡುವೆ ವ್ಯಾಪಾರ ಬೆಳೆದು ಸರಕಿನ ಬೆಲೆ ಅದನ್ನು ಮೀರಿತ್ತು. ಲೆಕ್ಕವನ್ನು ಸರಳಗೊಳಿಸಿ ಹೇಳುವುದಾದರೆ, ಸರಕಿನ ನಿಜಬೆಲೆ 100, ವಿಮೆಯ ಮೊತ್ತ 60, ಬೆಂಕಿಯಿಂದಾದ ನಷ್ಟ 40. ನಷ್ಟ ವಿಮೆಯ ಮೊತ್ತಕ್ಕಿಂತ ಕಡಿಮೆ ಇರುವುದರಿಂದ 40 ಪೂರ್ತಿಯಾಗಿ ಸಿಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪಾಲಿಸಿಯ ಸರಾಸರಿ ಷರತ್ತಿನ ಪ್ರಕಾರ, ಮಾಲೀಕರು ಉಳಿದ ಭಾಗಕ್ಕೆ ತಾವೇ ವಿಮೆ ಕೊಟ್ಟುಕೊಂಡವರೆಂದು ಎಣಿಸಿ, ನಷ್ಟದ ನೂರಕ್ಕೆ ಅರವತ್ತರಷ್ಟು, ಅಂದರೆ 24 ಮಾತ್ರ ಕೊಡಲಾಗುತ್ತದೆ. ಸರ್ವೇಯರ್ ವರದಿಯಲ್ಲಿ ಈ ಲೆಕ್ಕ ನಾಲ್ಕು ಸಾಲಿನಲ್ಲಿ ಮುಗಿದಿತ್ತು. ಅದರ ಹಿಂದೆ, ಏಕೆ ಹೀಗಾಯಿತೆಂದು ಕೇಳಿ ಮಾಲೀಕರು ಬರೆದ ಮೂರು ಪತ್ರಗಳಿದ್ದವು.

ಷರತ್ತಿನ ಹಿಂದಿರುವ ನ್ಯಾಯ ನನಗೆ ಅರ್ಥವಾಗುತ್ತದೆ. ಪೂರ್ತಿ ಬೆಲೆಗೆ ವಿಮೆ ಮಾಡಿಸಿ ಪೂರ್ತಿ ಪ್ರೀಮಿಯಂ ಕಟ್ಟಿದವರಿಗೂ ಅರೆಬರೆ ಕಟ್ಟಿದವರಿಗೂ ಒಂದೇ ಪರಿಹಾರ ಕೊಟ್ಟರೆ, ಎಲ್ಲರೂ ಸೇರಿ ಕೂಡಿಟ್ಟ ಹಣದಲ್ಲಿ ಕೆಲವರು ಹೆಚ್ಚು ತೆಗೆದುಕೊಂಡಂತಾಗುತ್ತದೆ. ಅದನ್ನು ಒಪ್ಪುತ್ತೇನೆ. ಒಪ್ಪಲಾಗದ್ದು ಇನ್ನೊಂದು. ಫೈಲಿನಲ್ಲಿದ್ದ ಎಲ್ಲ ನವೀಕರಣ ಪತ್ರಗಳನ್ನೂ ನಾನು ಓದಿದೆ. ಪ್ರೀಮಿಯಂ ಕಟ್ಟಬೇಕಾದ ಕೊನೆಯ ದಿನ ದಪ್ಪ ಅಕ್ಷರಗಳಲ್ಲಿತ್ತು. ನಿಮ್ಮ ಸರಕಿನ ಬೆಲೆ ಹೆಚ್ಚಾಗಿದೆಯೇ, ಹೆಚ್ಚಾಗಿದ್ದರೆ ಮೊತ್ತವನ್ನು ಏರಿಸದೆ ಹೋದಲ್ಲಿ ಸಣ್ಣ ನಷ್ಟಕ್ಕೂ ಪರಿಹಾರ ಕಡಿತವಾಗುತ್ತದೆ ಎಂಬ ಒಂದು ವಾಕ್ಯ ಯಾವ ಪತ್ರದಲ್ಲೂ ಇರಲಿಲ್ಲ. ಷರತ್ತು ಪಾಲಿಸಿಯ ಒಳಪುಟದಲ್ಲಿ, ವಕೀಲರಿಗೆ ಮಾತ್ರ ತಿಳಿಯುವ ಭಾಷೆಯಲ್ಲಿತ್ತು.

ವಿಮೆಯ ಒಪ್ಪಂದ ಪರಮ ವಿಶ್ವಾಸದ ಒಪ್ಪಂದ ಎಂಬುದನ್ನು ನಮಗೆ ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ, ಮತ್ತು ಅದನ್ನು ಯಾವಾಗಲೂ ಗ್ರಾಹಕರ ಕರ್ತವ್ಯವಾಗಿಯೇ ಹೇಳಿಕೊಡುತ್ತಾರೆ. ರೋಗವನ್ನು ಮುಚ್ಚಿಡಬಾರದು, ಹಳೆಯ ಅಪಘಾತವನ್ನು ಮುಚ್ಚಿಡಬಾರದು ಎಂದು. ಈ ತತ್ವದ ಮೂಲವೆಂದು ಎಲ್ಲರೂ ತೋರಿಸುವ 1766ರ ಕಾರ್ಟರ್ ಮತ್ತು ಬೋಮ್ ಮೊಕದ್ದಮೆಯ ಬಗ್ಗೆ ಆ ಫೈಲು ಓದಿದ ಮೇಲೆ ಹುಡುಕಿ ತಿಳಿದುಕೊಂಡೆ. ಸುಮಾತ್ರಾದ ಕೋಟೆಯೊಂದರ ಗವರ್ನರ್, ಕೋಟೆ ವಿದೇಶಿ ಶತ್ರುಗಳ ಕೈಗೆ ಬಿದ್ದರೆ ಪರಿಹಾರ ಸಿಗುವಂತೆ ಲಂಡನ್ನಿನಲ್ಲಿ ವಿಮೆ ಮಾಡಿಸಿದ್ದರು. ಫ್ರೆಂಚರು ಕೋಟೆಯನ್ನು ಹಿಡಿದಾಗ, ಕೋಟೆ ದುರ್ಬಲವಾಗಿತ್ತೆಂಬುದನ್ನು ನಮಗೆ ಹೇಳಿರಲಿಲ್ಲ ಎಂದು ವಿಮೆ ಕೊಟ್ಟವರು ಹಣ ಕೊಡಲು ನಿರಾಕರಿಸಿದರು. ನ್ಯಾಯಾಧೀಶರಾಗಿದ್ದ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರ ಮುಂದೆ ಗೆದ್ದದ್ದು ಗವರ್ನರ್. ವಿಶ್ವಾಸದ ಕರ್ತವ್ಯ ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ, ತನಗೆ ತಿಳಿದದ್ದನ್ನು ವಿಮೆ ಕೊಡುವವನೂ ಮುಚ್ಚಿಡುವಂತಿಲ್ಲ ಎಂಬುದು ಆ ತೀರ್ಪಿನಲ್ಲೇ ಇದೆ. ಗ್ರಾಹಕರ ಬಾಯಿಗೆ ಬೀಗ ಹಾಕಲು ಬಳಕೆಯಾಗುವ ಈ ತತ್ವದ ಮೂಲ ತೀರ್ಪು ಗ್ರಾಹಕರ ಪರವಾಗಿ ಬಂದದ್ದು ಎಂಬುದನ್ನು ನಮಗೆ ತರಗತಿಯಲ್ಲಿ ಹೇಳಬೇಕಿತ್ತು.

ಆ ಅಂಗಡಿಯ ಫೈಲನ್ನು ಮುಂದಿಟ್ಟುಕೊಂಡು, ನವೀಕರಣ ಪತ್ರದಲ್ಲಿ ಸೇರಿಸಬಹುದಾದ ಎರಡು ವಾಕ್ಯಗಳನ್ನೂ, ಮೇಲಿನ 100, 60, 40, 24ರ ಉದಾಹರಣೆಯನ್ನೂ ಬರೆದು ಕೊಟ್ಟೆ. ಹಿರಿಯ ಅಧಿಕಾರಿಯವರು ಒಂದು ಪದವನ್ನು ತಿದ್ದಿ, ಯಾರಿಗೆ ಯಾವ ಷರತ್ತಿನ ಮೇಲೆ ಪಾಲಿಸಿ ಕೊಡಬೇಕೆಂದು ನಿರ್ಧರಿಸುವ ಅಂಡರ್‌ರೈಟಿಂಗ್ ವಿಭಾಗಕ್ಕೆ ಕಳುಹಿಸಿದರು. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ.

ನನಗೆ ಸಿಕ್ಕ ಅವಕಾಶ ಎಲ್ಲರಿಗೂ ಸಿಗುವುದಿಲ್ಲ ಎಂಬುದು ನನಗೆ ಗೊತ್ತು. ಇದೇ ಬೇಸಿಗೆಯಲ್ಲಿ ಬೇರೊಂದು ಕಡೆ ಇಂಟರ್ನ್ ಆಗಿ ಸೇರಿದ್ದ ನನ್ನ ಗೆಳತಿಗೆ ಮೊದಲ ವಾರವೇ ಪಾಲಿಸಿ ಮಾರುವ ಗುರಿ ಕೊಟ್ಟು, ಬಂಧುಗಳ ಮತ್ತು ಪರಿಚಯದವರ ಪಟ್ಟಿ ಮಾಡಿಕೊಂಡು ಬರಲು ಹೇಳಿದರು. ಮಾರಾಟವೂ ಈ ಉದ್ಯಮದ ಗೌರವದ ಕೆಲಸವೇ, ಅದನ್ನು ಚೆನ್ನಾಗಿ ಮಾಡುವವರಿಲ್ಲದೆ ಯಾವ ಕುಟುಂಬಕ್ಕೂ ವಿಮೆ ತಲುಪುವುದಿಲ್ಲ. ಆದರೆ ಪಾಲಿಸಿಯ ಷರತ್ತುಗಳನ್ನು ಒಮ್ಮೆಯೂ ಓದಿಸದೆ, ಕ್ಲೇಮು ಹೇಗೆ ಇತ್ಯರ್ಥವಾಗುತ್ತದೆಂದು ತೋರಿಸದೆ, ಇಪ್ಪತ್ತು ವರ್ಷದ ಹುಡುಗಿಯನ್ನು ಅವಳ ಸೋದರಮಾವನ ಮನೆಗೆ ಮಾರಾಟಕ್ಕೆ ಕಳುಹಿಸುವುದು ಕಲಿಕೆಯಲ್ಲ. ಅವಳನ್ನು ನಂಬಿ ಪಾಲಿಸಿ ಕೊಂಡವರಿಗೆ ನಾಳೆ ಪರಿಹಾರ ಕಡಿತವಾದರೆ ಅವರು ಕೇಳುವುದು ಅವಳನ್ನೇ, ಮತ್ತು ಉತ್ತರ ಕೊಡಲು ಅವಳಿಗೆ ಯಾರೂ ಕಲಿಸಿಲ್ಲ. ಇಂಥ ಕಡೆಗೆ ವಿದ್ಯಾರ್ಥಿಗಳನ್ನು ಕಳುಹಿಸುವ ಮುನ್ನ ಅಲ್ಲಿ ಅವರಿಗೆ ಯಾವ ಕೆಲಸ, ಯಾರ ಮಾರ್ಗದರ್ಶನ ಎಂದು ಕಾಲೇಜುಗಳು ಬರಹದಲ್ಲಿ ಕೇಳಿ ಪಡೆಯಲೇಬೇಕು. ಕಂಪನಿಗಳನ್ನು ನಾನು ಕೇಳಿಕೊಳ್ಳುವುದು ಇಷ್ಟೇ: ಇಂಟರ್ನ್ ಯಾವ ವಿಭಾಗಕ್ಕೆ ಬಂದಿದ್ದರೂ ಸರಿ, ಮೊದಲ ಎರಡು ವಾರ ಮುಗಿದ ಕ್ಲೇಮುಗಳನ್ನು ಓದಲು ಕೊಡಿ, ಒಂದು ದಿನವಾದರೂ ಸರ್ವೇಯರ್ ಜೊತೆಗೆ ಸ್ಥಳಕ್ಕೆ ಕಳುಹಿಸಿ.

ಕೊನೆಯ ದಿನ ನನ್ನ ತ್ರಿಕೋನವನ್ನು ತಿದ್ದಿ ಒಪ್ಪಿಸಿದೆ. ಇತ್ತೀಚಿನ ಎರಡು ವರ್ಷಗಳ ಸಾಲನ್ನು ಬೇರೆ ಮಾಡಿ, ಫೈಲು ತೆರೆಯುವ ಕ್ರಮ ಬದಲಾದ ತಿಂಗಳನ್ನು ನಮೂದಿಸಿ, ಅದನ್ನು ತಿಳಿಸಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಕೆಳಗೆ ಬರೆದೆ. ವರದಿಯ ಒಂದು ಪ್ರತಿಯನ್ನು ಅವರ ಮೇಜಿನ ಮೇಲೆ ಇಟ್ಟಾಗ, ತಮ್ಮ ವಿಭಾಗಕ್ಕೆ ಆಕ್ಚುವರಿಗಳ ವರದಿ ಬಂದದ್ದು ಇದೇ ಮೊದಲೆಂದು ಹೇಳಿ, ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಲು ಕುಳಿತರು.